ದೇವರಿಗೆ ಬಿಟ್ಟ ಬಸವ, ಕಾನೂನಿಗೆ ಬಿಟ್ಟ ಕುದುರೆ

ಅಮೆರಿಕದ ನೆವಾಡಾ ರಾಜ್ಯದ ರೀನೋ ನಗರಕ್ಕೆ ಬಂದ ಮೊದಲ ತಿಂಗಳಲ್ಲೇ ಒಂದು ಬೆಳಿಗ್ಗೆ, ಊರಿನ ಪೂರ್ವಕ್ಕಿರುವ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗುವಾಗ, ಏಳೆಂಟು ಕುದುರೆಗಳು ರಸ್ತೆಗೆ ಅಡ್ಡ ನಿಂತಿದ್ದವು. ಮುಂದೆ ಒಂದು ವಯಸ್ಸಾದ ಹೆಣ್ಣು ಕುದುರೆ, ಅದರ ಮಗ್ಗುಲಲ್ಲಿ ಕಾಲು ಇನ್ನೂ ಗಟ್ಟಿಯಾಗದ ಒಂದು ಮರಿ, ಎಲ್ಲಕ್ಕಿಂತ ಹಿಂದೆ ಕತ್ತೆತ್ತಿ ನಮ್ಮನ್ನೇ ನೋಡುತ್ತಿದ್ದ ಗಂಡು. ಎರಡೂ ಬದಿಯ ವಾಹನಗಳು ಹಾರನ್ ಹಾಕದೆ ಕಾದವು. ಕಾರಿನಲ್ಲಿ ಜೊತೆಗಿದ್ದ ಸಹೋದ್ಯೋಗಿಯನ್ನು ನಾನು ಕೇಳಿದ ಮೊದಲ ಪ್ರಶ್ನೆ, "ಇವು ಯಾರ ಕುದುರೆಗಳು?" ಎಂಬುದು. ಆತ ನಕ್ಕು, ಯಾರದ್ದೂ ಅಲ್ಲ ಎಂದ. ಆ ಉತ್ತರವನ್ನು ಅರಗಿಸಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು.

ನಮ್ಮ ಕಡೆ ಒಡೆಯನಿಲ್ಲದ ಕುದುರೆ ಎಂಬುದೇ ಇಲ್ಲ. ಕುದುರೆ ಎಂದರೆ ಟಿಪ್ಪುವಿನ ಕಾಲದಿಂದ ನಡೆದುಬಂದ ಕುಣಿಗಲ್ಲಿನ ಸಾಕಣೆ ಕೇಂದ್ರದ್ದು, ಬೆಂಗಳೂರಿನ ರೇಸ್ ಕೋರ್ಸಿನದು, ಮೈಸೂರಿನ ಜಟಕಾ ಸಾಬರದ್ದು. ಅದಕ್ಕೊಂದು ಲಾಯವಿರುತ್ತದೆ, ಲಾಳವಿರುತ್ತದೆ, ಹುರುಳಿ ಬೇಯಿಸಿ ಹಾಕುವ ಒಬ್ಬ ಮನುಷ್ಯನಿರುತ್ತಾನೆ. ಆದರೆ ಒಡೆಯನಿಲ್ಲದೆ ತಿರುಗುವ ಪ್ರಾಣಿ ನಮಗೆ ಹೊಸದೇನಲ್ಲ. ನಾನು ಹುಟ್ಟಿದ್ದು ಅಜ್ಜಂಪುರದ ಸೀಮೆಯಲ್ಲಿ. ನನ್ನ ಬಾಲ್ಯದಲ್ಲಿ ನಮ್ಮೂರಿನಲ್ಲೊಂದು ಬಸವನಿತ್ತು. ಯಾರೋ ಹರಕೆ ಹೊತ್ತು, ತೊಡೆಯ ಮೇಲೆ ಮುದ್ರೆ ಹಾಕಿಸಿ ದೇವರಿಗೆ ಬಿಟ್ಟ ಹೋರಿ. ಅದು ಯಾರ ಹೊಲಕ್ಕೆ ನುಗ್ಗಿದರೂ ಬಾರುಕೋಲಿನಿಂದ ಬಾರಿಸುವಂತಿರಲಿಲ್ಲ. "ಹೋಗಪ್ಪಾ, ಮುಂದಕ್ಕೆ ಹೋಗು" ಎಂದು ಕೈಮುಗಿದು ಅಟ್ಟಬೇಕಾಗಿತ್ತು. ಇವತ್ತು ನಮ್ಮ ರಾಗಿ, ನಾಳೆ ಪಕ್ಕದವರ ಜೋಳ. ನಷ್ಟವನ್ನು ಊರು ತನಗೆ ಗೊತ್ತಿಲ್ಲದಂತೆಯೇ ಹಂಚಿಕೊಳ್ಳುತ್ತಿತ್ತು. ಊರಿನ ಹಸುಗಳಿಗೆ ಅದೇ ಬೀಜದ ಹೋರಿಯೂ ಆಗಿದ್ದುದರಿಂದ, ತಿಂದ ರಾಗಿಗೆ ಅದು ಲೆಕ್ಕ ಒಪ್ಪಿಸುತ್ತಿತ್ತು ಎಂದೂ ಹೇಳಬಹುದು.

ಅಮೆರಿಕದ ಸಂಸತ್ತು 1971ರಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಆ ವರ್ಷದ ಡಿಸೆಂಬರ್ 15ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾನೂನು, ಪಶ್ಚಿಮದ ರಾಜ್ಯಗಳ ಸರ್ಕಾರಿ ಭೂಮಿಯಲ್ಲಿ ತಿರುಗುತ್ತಿದ್ದ ಕುದುರೆ ಮತ್ತು ಕತ್ತೆಗಳನ್ನು ಪಶ್ಚಿಮದ ಚರಿತ್ರೆಯ ಜೀವಂತ ಸಂಕೇತಗಳೆಂದು ಕರೆದು, ಅವುಗಳನ್ನು ಹಿಡಿಯುವುದನ್ನೂ ಕೊಲ್ಲುವುದನ್ನೂ ಹಿಂಸಿಸುವುದನ್ನೂ ಅಪರಾಧವನ್ನಾಗಿಸಿತು. ಒಂದು ವಿರೋಧದ ಮತವೂ ಬೀಳದೆ ಅದು ಅಂಗೀಕಾರವಾಯಿತು. ಇದರ ಹಿಂದೆ ಇದ್ದವರು ಇದೇ ರೀನೋ ಊರಿನ ಒಬ್ಬ ಕಚೇರಿ ಕಾರ್ಯದರ್ಶಿ, ವೆಲ್ಮಾ ಜಾನ್‌ಸ್ಟನ್. 1950ರಲ್ಲಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅವರು ರಕ್ತ ಸೋರುತ್ತಿದ್ದ ಒಂದು ಲಾರಿಯನ್ನು ಕಂಡು ಹಿಂಬಾಲಿಸಿದರು. ವಿಮಾನದಿಂದ ಬೆದರಿಸಿ ಓಡಿಸಿ ಹಿಡಿದ ಕುದುರೆಗಳು ಅದರೊಳಗಿದ್ದವು. ಅವನ್ನು ನಾಯಿ-ಬೆಕ್ಕುಗಳ ಆಹಾರಕ್ಕಾಗಿ ಕಸಾಯಿಖಾನೆಗೆ ಒಯ್ಯಲಾಗುತ್ತಿತ್ತು. ಎಳವೆಯಲ್ಲೇ ಪೋಲಿಯೋ ಬಡಿದ ದೇಹ, ಕೈಯಲ್ಲಿ ಹಣವಿಲ್ಲ, ಅಧಿಕಾರವಿಲ್ಲ. ಆದರೂ ಆಕೆ 1952ರಲ್ಲಿ ತಮ್ಮ ಕೌಂಟಿಯಲ್ಲಿ, 1955ರಲ್ಲಿ ನೆವಾಡಾ ರಾಜ್ಯದಲ್ಲಿ, 1959ರಲ್ಲಿ ಇಡೀ ದೇಶದಲ್ಲಿ, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ, ವಿಮಾನ ಮತ್ತು ಮೋಟಾರು ವಾಹನಗಳಿಂದ ಕುದುರೆಗಳನ್ನು ಬೇಟೆಯಾಡುವುದನ್ನು ನಿಲ್ಲಿಸಿದರು. ಗೇಲಿ ಮಾಡಲೆಂದು ವಿರೋಧಿಗಳು ಇಟ್ಟ "ವೈಲ್ಡ್ ಹಾರ್ಸ್ ಆನಿ" ಎಂಬ ಅಡ್ಡಹೆಸರನ್ನು ಆಕೆ ಬಿರುದಿನಂತೆ ಧರಿಸಿದರು. 1971ರ ಕಾನೂನಿಗಾಗಿ ಶಾಲಾಮಕ್ಕಳು ರಾಶಿ ರಾಶಿ ಪತ್ರ ಬರೆದರು. ಮಕ್ಕಳ ಪತ್ರಗಳಿಗೆ ಹೆದರಿದ ಸಂಸತ್ತು ಇದೊಂದೇ ಇರಬೇಕು.

ಇಲ್ಲಿಯವರೆಗಿನ ಕಥೆಯನ್ನು ಇಲ್ಲಿನ ಜನ ಹೆಮ್ಮೆಯಿಂದ ಹೇಳುತ್ತಾರೆ, ಹೇಳಲೂಬೇಕು. ನನ್ನ ಆಕ್ಷೇಪವಿರುವುದು ಅನಂತರದ ಅರ್ಧ ಶತಮಾನದ ಬಗ್ಗೆ. ನಮ್ಮೂರು ದೇವರಿಗೆ ಬಿಡುತ್ತಿದ್ದುದು ಒಂದು ಬಸವನನ್ನು. ಊರು ತಾಳಿಕೊಳ್ಳಬಲ್ಲದ್ದು ಎಷ್ಟು ಎಂಬ ಲೆಕ್ಕ ಆ ಹರಕೆಯೊಳಗೇ ಇತ್ತು. ಇಲ್ಲಿಯವರು ಇಡೀ ಹಿಂಡನ್ನು ಬಿಟ್ಟರು, ಹೆಣ್ಣು ಗಂಡು ಮರಿ ಸಮೇತ. ಹೆಚ್ಚಿನ ಹಿಂಡುಗಳು ವರ್ಷಕ್ಕೆ 15ರಿಂದ 20 ಪ್ರತಿಶತ ಬೆಳೆಯುತ್ತವೆ. ಎಂದರೆ ನಾಲ್ಕೈದು ವರ್ಷಕ್ಕೆ ಇಮ್ಮಡಿ. ಪ್ಯೂಮಾ ಎಂಬ ಬೆಟ್ಟದ ಸಿಂಹ ಕೆಲವು ಕಡೆ ಮರಿಗಳನ್ನು ಹಿಡಿಯುತ್ತದೆಯಾದರೂ, ಬಯಲಿನ ಹಿಂಡುಗಳಿಗೆ ಅದರ ಕಾಟ ಹೆಚ್ಚಿಲ್ಲ. ತೋಳಗಳನ್ನು ದನಗಾರರು ಹಿಂದೆಯೇ ಮುಗಿಸಿದ್ದಾರೆ. ಈ ಭೂಮಿಯ ಉಸ್ತುವಾರಿ ಹೊತ್ತ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆಯ ಲೆಕ್ಕದಲ್ಲಿ, ಅದರ ನೆಲ ತಾಳಬಲ್ಲ ಕುದುರೆ-ಕತ್ತೆಗಳ ಸಂಖ್ಯೆ ಹತ್ತು ರಾಜ್ಯಗಳಿಂದ ಒಟ್ಟು 27,000ಕ್ಕಿಂತ ಕಡಿಮೆ. 2020ರಲ್ಲಿ ಇದ್ದದ್ದು 95,000. 2024ರ ವಸಂತದಲ್ಲಿ ಅದು 73,500ರ ಆಸುಪಾಸಿಗೆ ಇಳಿದಿತ್ತು.

ಇಳಿದದ್ದು ಹೇಗೆ ಎಂಬುದನ್ನು ಕರ್ನಾಟಕದವನಿಗೆ ವಿವರಿಸುವುದು ಸುಲಭ: ಕಾಡಾನೆಗಳನ್ನು ಅಟ್ಟಿ ಹಿಡಿಯುತ್ತಿದ್ದ ನಮ್ಮ ಖೆಡ್ಡಾದಂತೆ. ಹೆಲಿಕಾಪ್ಟರೊಂದು ಹಿಂಡಿನ ಹಿಂದೆ ಹಾರುತ್ತ, ಮೈಲುಗಟ್ಟಲೆ ಅವನ್ನು ಅಟ್ಟಿಕೊಂಡು ಬರುತ್ತದೆ. ಕೊನೆಯಲ್ಲಿ ಗೋಣಿಬಟ್ಟೆ ಕಟ್ಟಿದ ಎರಡು ಬೇಲಿಗಳು ಆಲಿಕೆಯ ಬಾಯಿಯಂತೆ ಅಗಲವಾಗಿ ತೆರೆದುಕೊಂಡು, ಒಳಹೋದಂತೆ ಕಿರಿದಾಗಿ ಒಂದು ಕಬ್ಬಿಣದ ದೊಡ್ಡಿಯಲ್ಲಿ ಮುಗಿಯುತ್ತವೆ. ಹಿಂಡು ಹತ್ತಿರ ಬಂದ ಕ್ಷಣಕ್ಕೆ, ಪಳಗಿಸಿದ ಒಂದು ಕುದುರೆಯನ್ನು ಬಾಯಿಯ ಬಳಿ ಬಿಡುತ್ತಾರೆ. ಅದು ಅಭ್ಯಾಸಬಲದಿಂದ ನೇರವಾಗಿ ದೊಡ್ಡಿಯೊಳಕ್ಕೆ ಓಡುತ್ತದೆ. ಬೆದರಿದ ಹಿಂಡು ತನ್ನವನೇ ಎಂದು ನಂಬಿ ಹಿಂಬಾಲಿಸುತ್ತದೆ. ಇದನ್ನು ಇವರು ಯೇಸುವಿಗೆ ದ್ರೋಹ ಬಗೆದ ಶಿಷ್ಯನ ಹೆಸರಿನಿಂದ "ಜುದಾಸ್ ಕುದುರೆ" ಎನ್ನುತ್ತಾರೆ. ಕಾಡಾನೆಗಳನ್ನು ಹಿಡಿಯಲು ಬಳಸುತ್ತಿದ್ದ ನಮ್ಮ ಪಳಗಿದ ಕುಮ್ಕಿ ಆನೆಗೆ ಇಂಥ ಅಪಕೀರ್ತಿ ಬರಲಿಲ್ಲ, ಕುಮ್ಕಿಯ ಕೆಲಸ ಬೇರೆಯಾದರೂ ದ್ರೋಹ ಅಷ್ಟೇ ಇತ್ತು. 1870ರ ದಶಕದಲ್ಲಿ ಸ್ಯಾಂಡರ್‌ಸನ್ ಎಂಬ ಅಧಿಕಾರಿ ಮೈಸೂರು ಸೀಮೆಯಲ್ಲಿ ಆರಂಭಿಸಿ, ಮುಂದೆ ಕಾಕನಕೋಟೆಯಲ್ಲಿ ರಾಜವೈಭವದ ನೋಟವಾಗಿ ಬೆಳೆದ ಖೆಡ್ಡಾ ಕೊನೆಯ ಬಾರಿಗೆ ನಡೆದದ್ದು 1971ರಲ್ಲಿ. ಇಲ್ಲಿ ಕುದುರೆಗೆ ರಕ್ಷಣೆ ಕೊಟ್ಟ ಕಾನೂನು ಬಂದದ್ದೂ ಅದೇ ವರ್ಷ. ನಾವು ಖೆಡ್ಡಾವನ್ನು ಅಲ್ಲಿಗೇ ಬಿಟ್ಟೆವು. ಇವರು ಐದೇ ವರ್ಷದಲ್ಲಿ, 1976ರಲ್ಲಿ, ಆನಿ ಹೋರಾಡಿ ಇಳಿಸಿದ್ದ ಯಂತ್ರವನ್ನು ಕಾನೂನಿನ ತಿದ್ದುಪಡಿಯ ಮೂಲಕ ಮತ್ತೆ ಆಕಾಶಕ್ಕೇರಿಸಿದರು.

ಹೆಲಿಕಾಪ್ಟರಿನ ಓಟದಲ್ಲಿ ಕಾಲು ಮುರಿದುಕೊಂಡವು, ಬೇಲಿಗೆ ಬಡಿದು ಕತ್ತು ಮುರಿದುಕೊಂಡವು, ತಾಯಿಯಿಂದ ಹಿಂದುಳಿದ ಮರಿಗಳು, ಇವೆಲ್ಲ ಪ್ರತಿ ಕಾರ್ಯಾಚರಣೆಯಲ್ಲೂ ಇರುತ್ತವೆ. ಇಲಾಖೆ ಅವನ್ನು ಮುಚ್ಚಿಡುವುದಿಲ್ಲ, ದಿನದಿನದ ವರದಿಯಲ್ಲಿ ಬರೆಯುತ್ತದೆ. ನೋಡಬಯಸುವ ಸಾರ್ವಜನಿಕರಿಗೆ ದೂರದಲ್ಲೊಂದು ಜಾಗವನ್ನೂ ಕೊಡುತ್ತದೆ. ಈ ಪಾರದರ್ಶಕತೆಯನ್ನು ಮೆಚ್ಚಬೇಕು. ಆದರೆ ಸಾಯುವ ಕುದುರೆಗಳಿಗಿಂತ ಬದುಕಿ ಉಳಿಯುವ ಕುದುರೆಗಳ ಗತಿಯೇ ನನ್ನನ್ನು ಹೆಚ್ಚು ಕಾಡುವುದು.

ನಮ್ಮೂರಿನ ಚಾವಡಿಯ ಹಿಂದೆ ಕಲ್ಲುಗೋಡೆಯ ಒಂದು ದೊಡ್ಡಿ ಇತ್ತು. ಧಾರವಾಡದ ಕಡೆಯವರು ಇದನ್ನೇ ಕೊಂಡವಾಡ ಎನ್ನುತ್ತಾರೆ. ಬೇರೆಯವರ ಹೊಲ ಮೇಯ್ದ ದನವನ್ನು ಅಲ್ಲಿಗೆ ಅಟ್ಟಿದರೆ, ಒಡೆಯ ಬಂದು ದಂಡ ಕಟ್ಟಿ ಬಿಡಿಸಿಕೊಂಡು ಹೋಗಬೇಕಿತ್ತು. 1871ರ ಬ್ರಿಟಿಷ್ ಕಾನೂನಿನ ಕೂಸು ಅದು. ಒಡೆಯನಿಲ್ಲದ ಪ್ರಾಣಿಯನ್ನು ದೊಡ್ಡಿಗೆ ಅಟ್ಟಿದರೆ ಬಿಡಿಸಿಕೊಳ್ಳುವವರು ಯಾರು? ಅಮೆರಿಕ ಈ ಪ್ರಶ್ನೆಗೆ ಕಂಡುಕೊಂಡ ಉತ್ತರ ದತ್ತು ಯೋಜನೆ. ಕತ್ತಿನ ಎಡಬದಿಯಲ್ಲಿ ಅತಿಶೀತದಿಂದ ಒತ್ತಿದ ಗುರುತಿನ ಮುದ್ರೆಯೊಂದಿಗೆ (ಬಸವನ ತೊಡೆಯ ಮುದ್ರೆ ಬಿಡುಗಡೆಯ ಗುರುತು, ಇದು ಸೆರೆಯದು) ಕುದುರೆಯನ್ನು ಮನೆಗೊಯ್ದು ಒಂದು ವರ್ಷ ಸಾಕಿದವರಿಗೆ ಒಡೆತನದ ಪತ್ರ ಸಿಗುತ್ತದೆ. ಇದರಿಂದ ಒಳ್ಳೆಯ ಮನೆ ಸೇರಿದ ಕುದುರೆಗಳು ಸಾವಿರಾರು. ಜೈಲಿನ ಕೈದಿಗಳು ಪಳಗಿಸಿದ ಕುದುರೆಗಳು ಗಡಿ ಕಾಯುವ ಪೊಲೀಸರ ತಡಿಯಡಿಯಲ್ಲೂ ಇವೆ. ಆದರೆ ದತ್ತು ಪಡೆಯುವವರ ಸಂಖ್ಯೆ ಹಿಡಿಯುವ ಕುದುರೆಗಳ ಸಂಖ್ಯೆಗೆ ಯಾವತ್ತೂ ಸಾಟಿಯಾಗಲಿಲ್ಲ. 2019ರಲ್ಲಿ, ದತ್ತು ಪಡೆದವರಿಗೆ ಸರ್ಕಾರವೇ ಕುದುರೆಗೆ 1,000 ಡಾಲರ್ ಕೊಡುವ ಯೋಜನೆ ತಂದಿತು. ದುಡ್ಡು ಪಡೆದು, ಒಡೆತನದ ಪತ್ರ ಕೈಗೆ ಬಂದ ಮೇಲೆ ಕೆಲವರು ಕುದುರೆಗಳನ್ನು ಸಂತೆಗೆ ಹೊಡೆದರು. ಈ ದೇಶದ ಕೊನೆಯ ಕುದುರೆ ಕಸಾಯಿಖಾನೆ 2007ರಲ್ಲೇ ಮುಚ್ಚಿದ್ದರೂ, ಸಂತೆಯಿಂದ ಮೆಕ್ಸಿಕೋ ಮತ್ತು ಕೆನಡಾಗಳಿಗೆ ಲಾರಿಗಳು ಹೋಗುತ್ತವೆ. ವೆಲ್ಮಾ ಜಾನ್‌ಸ್ಟನ್ ಕಂಡ ಲಾರಿ ಸ್ವಲ್ಪ ದೂರದ ದಾರಿ ಹಿಡಿದಿದೆ, ಅಷ್ಟೇ.

ಉಳಿದವು, ಅರವತ್ತು ಸಾವಿರದಷ್ಟು, ಸರ್ಕಾರದ ದೊಡ್ಡಿಗಳಲ್ಲಿ ಮತ್ತು ಬಾಡಿಗೆಗೆ ಪಡೆದ ಖಾಸಗಿ ಹುಲ್ಲುಗಾವಲುಗಳಲ್ಲಿವೆ. ರೀನೋದ ಉತ್ತರಕ್ಕೆ ಪಾಲೊಮಿನೊ ಕಣಿವೆಯಲ್ಲಿರುವ ಅಂಥ ಒಂದು ಕೇಂದ್ರಕ್ಕೆ ನಾನು ಹೋಗಿದ್ದೇನೆ. ಹುಲ್ಲಿನ ಪೆಂಡಿಗಳು ಅಚ್ಚುಕಟ್ಟಾಗಿವೆ, ನೀರಿದೆ, ಪಶುವೈದ್ಯರಿದ್ದಾರೆ. ಯಾವುದರಲ್ಲೂ ಕೊರತೆ ತೋರಿಸಿ ದೂರುವಂತಿಲ್ಲ. ಆದರೂ ಗಂಡುಗಳನ್ನು ಒಂದು ಕಡೆ, ಹೆಣ್ಣುಗಳನ್ನು ಇನ್ನೊಂದು ಕಡೆ ಕೂಡಿದ ಆ ಕಬ್ಬಿಣದ ಚೌಕಗಳಲ್ಲಿ, ಒಂದು ಗಂಡು, ಮೂರ್ನಾಲ್ಕು ಹೆಣ್ಣು, ಅವುಗಳ ಮರಿಗಳು ಎಂಬ ಸಂಸಾರ ಉಳಿದಿಲ್ಲ. ಕುದುರೆಯನ್ನು ಬಯಲಿನ ಕುದುರೆಯನ್ನಾಗಿಸುವುದು ಆ ಸಂಸಾರವೇ. ಜೊತೆಗೆ, ಒಟ್ಟಿಗೆ ಕೂಡಿಹಾಕಿದಾಗ ಬರುವ ರೋಗಗಳು. 2022ರಲ್ಲಿ ಕೊಲೊರಾಡೋದ ಕ್ಯಾನ್ಯನ್ ಸಿಟಿಯ ದೊಡ್ಡಿಯಲ್ಲಿ ಕುದುರೆ ಜ್ವರ ಹಬ್ಬಿ, ಕೆಲವೇ ವಾರಗಳಲ್ಲಿ 140ಕ್ಕೂ ಹೆಚ್ಚು ಸತ್ತವು. ಇದಕ್ಕೆಲ್ಲ ತಗಲುವ ಖರ್ಚು? ಇಡೀ ಕಾರ್ಯಕ್ರಮದ ವಾರ್ಷಿಕ ವೆಚ್ಚ 2023ರಲ್ಲಿ ಸುಮಾರು 16 ಕೋಟಿ ಡಾಲರ್. ಅದರ ಮೂರರಲ್ಲಿ ಎರಡು ಪಾಲು ಹೋದದ್ದು ಹಿಡಿದಿಟ್ಟ ಕುದುರೆಗಳ ಮೇವು-ನೀರಿಗೆ. ಬಯಲಿನಲ್ಲಿರುವ ಕುದುರೆಗಾಗಿ ಮಾಡಿದ ಕಾನೂನಿನ ಹಣವನ್ನು ಬಯಲಿನಿಂದ ಹೊರಹಾಕಿದ ಕುದುರೆ ತಿನ್ನುತ್ತಿದೆ.

ಹಿಡಿದದ್ದರಿಂದ ಸಮಸ್ಯೆಯಾದರೂ ತೀರಿತೇ ಎಂದರೆ, ಅದೂ ಇಲ್ಲ. ಇಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ 2013ರಲ್ಲಿ ಕೊಟ್ಟ ವರದಿ ಇದನ್ನು ಸ್ಪಷ್ಟವಾಗಿ ಹೇಳಿತು: ಹಿಂಡಿನಿಂದ ಕುದುರೆಗಳನ್ನು ತೆಗೆದಷ್ಟೂ ಉಳಿದವುಗಳಿಗೆ ಮೇವು ಹೆಚ್ಚು, ಮೇವು ಹೆಚ್ಚಾದಷ್ಟೂ ಬದುಕುವ ಮರಿಗಳು ಹೆಚ್ಚು, ಹಾಗಾಗಿ ಹಿಡಿಯುವ ಕೆಲಸವೇ ಬೆಳವಣಿಗೆಯ ವೇಗವನ್ನು ಕಾಯ್ದುಕೊಂಡು ಬರುತ್ತದೆ. ತೋಟದ ಹುಲ್ಲನ್ನು ಬೇರು ಬಿಟ್ಟು ಕೊಯ್ದಂತೆ. ನಮ್ಮ ಬೀದಿನಾಯಿಗಳ ವಿಷಯದಲ್ಲಿ ಬಲ್ಲವರು ಎಷ್ಟೋ ವರ್ಷಗಳಿಂದ ಹೇಳುತ್ತಿರುವುದೂ ಇದನ್ನೇ. ಸುಪ್ರೀಂ ಕೋರ್ಟು 2025ರ ಆಗಸ್ಟ್ 11ರಂದು ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿ ಕೂಡಬೇಕು, ಮತ್ತೆ ಬಿಡಬಾರದು ಎಂದು ಆದೇಶಿಸಿದಾಗ, ನೆವಾಡಾದಲ್ಲಿ ಕುಳಿತು ಓದಿದ ನನಗೆ ಕಣ್ಣ ಮುಂದೆ ಬಂದದ್ದು ಪಾಲೊಮಿನೊ ಕಣಿವೆಯ ಕಬ್ಬಿಣದ ಚೌಕಗಳು. ಹನ್ನೊಂದು ದಿನಗಳ ನಂತರ ದೊಡ್ಡ ಪೀಠವೊಂದು ಅದನ್ನು ತಿದ್ದಿ, ರೇಬಿಸ್ ತಗಲಿದ ಮತ್ತು ಮೇಲೆರಗುವ ನಾಯಿಗಳನ್ನು ಬಿಟ್ಟು ಉಳಿದವಕ್ಕೆ ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ ಕೊಟ್ಟು ಹಿಡಿದಲ್ಲಿಗೇ ಬಿಡಬೇಕು ಎಂದಿತು. ಬೆಂಗಳೂರಿನ ಪಾಲಿಕೆಯ ಗಣತಿಯಲ್ಲಿ 2019ರಲ್ಲಿ 3.10 ಲಕ್ಷವಿದ್ದ ಬೀದಿನಾಯಿಗಳು 2023ರಲ್ಲಿ 2.79 ಲಕ್ಷಕ್ಕೆ ಇಳಿದಿದ್ದವು. ಬೆಂಗಳೂರಿನ ಬೀದಿಯಲ್ಲಿ ರಾತ್ರಿ ನಡೆಯುವವರಿಗೆ ಈ ಇಳಿಕೆ ಸಾಲದು ಎನ್ನಿಸುವುದು ಸಹಜ, ನನಗೂ ಹಾಗೇ ಅನಿಸುತ್ತದೆ. ಆದರೆ ಅದು ಇಳಿಕೆ. ಹೆಲಿಕಾಪ್ಟರಿಲ್ಲದೆ, ಅರವತ್ತು ಸಾವಿರ ಕೊರಳುಗಳಿಗೆ ಜೀವಮಾನವಿಡೀ ಮೇವು ಹಾಕದೆ ಆದ ಇಳಿಕೆ.

ಕುದುರೆಗೆ ಶಸ್ತ್ರಚಿಕಿತ್ಸೆಯೂ ಬೇಕಾಗಿಲ್ಲ. ಪಿಜಡ್‌ಪಿ ಎಂಬ ಲಸಿಕೆಯೊಂದಿದೆ; ಹಂದಿಯ ಅಂಡಾಶಯದಿಂದ ತಯಾರಿಸುವ ಒಂದು ಪ್ರೋಟೀನು. ಅದನ್ನು ಹೆಣ್ಣು ಕುದುರೆಗೆ ಚುಚ್ಚಿದರೆ, ಅದರ ದೇಹ ಆ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳನ್ನು ಉಂಟುಮಾಡುತ್ತದೆ. ಆ ಪ್ರತಿಕಾಯಗಳು ಕುದುರೆಯ ಸ್ವಂತ ಅಂಡದ ಹೊರಪದರಕ್ಕೂ ಅಂಟಿಕೊಂಡು ವೀರ್ಯಾಣು ಒಳಹೋಗದಂತೆ ತಡೆಯುತ್ತವೆ. ಹಾರ್ಮೋನಿನ ಮದ್ದಲ್ಲ, ಈಗಾಗಲೇ ಗರ್ಭದಲ್ಲಿರುವ ಮರಿಗೆ ತೊಂದರೆಯಿಲ್ಲ, ನಿಲ್ಲಿಸಿದರೆ ಹೆಚ್ಚಿನವು ಮತ್ತೆ ಗಬ್ಬವಾಗುತ್ತವೆ. ಜೇ ಕರ್ಕ್‌ಪ್ಯಾಟ್ರಿಕ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1988ರಲ್ಲಿ ಅಟ್ಲಾಂಟಿಕ್ ಕರಾವಳಿಯ ಆಸ್ಸಟೀಗ್ ದ್ವೀಪದ ಕುದುರೆಗಳ ಮೇಲೆ ಇದನ್ನು ಮೊದಲು ಪ್ರಯೋಗಿಸಿದರು. 1994ರಿಂದ ಅಲ್ಲಿನ ರಾಷ್ಟ್ರೀಯ ಉದ್ಯಾನ ಇದನ್ನೇ ನಿರ್ವಹಣೆಯ ಕ್ರಮವಾಗಿಸಿಕೊಂಡಿತು. 175ರಷ್ಟಿದ್ದ ಹಿಂಡು ಕುದುರೆಗಳನ್ನು ಗುಂಪುಗುಂಪಾಗಿ ಹಿಡಿದೊಯ್ಯದೆ ನೂರರೊಳಕ್ಕೆ ಬಂತು. ಅದಕ್ಕೆ ಅಷ್ಟು ವರ್ಷ ಹಿಡಿದ ಕಾರಣವೂ ಸ್ವಾರಸ್ಯಕರ: ವರ್ಷವರ್ಷವೂ ಹೆರುವ, ಹಾಲೂಡಿಸುವ ಭಾರ ಇಳಿದ ಹೆಣ್ಣುಗಳು ಮೈತುಂಬಿಕೊಂಡು, ಮೊದಲಿಗಿಂತ ಎಷ್ಟೋ ವರ್ಷ ಹೆಚ್ಚು ಬದುಕಿದವು. ನಮ್ಮ ಅಜ್ಜಿಯಂದಿರಿಗೆ ಇದನ್ನು ವಿಜ್ಞಾನಿಗಳು ಹೇಳಬೇಕಾಗಿರಲಿಲ್ಲ.

ಕಷ್ಟ ಎಲ್ಲಿದೆ ಎಂದರೆ, ಈ ಲಸಿಕೆಯನ್ನು ಮೊದಲ ವರ್ಷ ಎರಡು ಬಾರಿ, ಆಮೇಲೆ ವರ್ಷಕ್ಕೊಂದು ಬಾರಿ ಕೊಡಬೇಕು. ಕೊಡಬೇಕಾದರೆ ಬಂದೂಕಿನಂಥ ಸಾಧನದಿಂದ ನಲವತ್ತು ಐವತ್ತು ಗಜ ದೂರದಿಂದ ಚುಚ್ಚುಬಾಣವನ್ನು ಪೃಷ್ಠಕ್ಕೆ ಹೊಡೆಯಬೇಕು. ಹೊಡೆಯಬೇಕಾದರೆ ಯಾವ ಕುದುರೆ ಯಾವುದು, ಯಾವುದಕ್ಕೆ ಯಾವಾಗ ಕೊಟ್ಟದ್ದು ಎಂಬುದು ಗೊತ್ತಿರಬೇಕು. ಎಂದರೆ, ಪ್ರತಿಯೊಂದು ಕುದುರೆಯನ್ನೂ ಮುಖ ನೋಡಿ ಗುರುತಿಸುವ ಮನುಷ್ಯರು ಬೇಕು. ಒಂದು ವಸಂತದಲ್ಲಿ ನಾನು ಇಂಥ ಸ್ವಯಂಸೇವಕರ ಜೊತೆ ವರ್ಜೀನಿಯಾ ಬೆಟ್ಟಸಾಲಿಗೆ ಹೋಗಿದ್ದೆ. ರೀನೋದ ಪೂರ್ವಕ್ಕಿರುವ, ನನ್ನ ರಸ್ತೆಗೆ ಅಡ್ಡ ನಿಂತಿದ್ದ ಕುದುರೆಗಳ ಬೆಟ್ಟಗಳೇ ಅವು. ನಮ್ಮ ಜೊತೆಗಿದ್ದ ನಿವೃತ್ತ ಶಿಕ್ಷಕಿಯೊಬ್ಬರು ದೂರದರ್ಶಕದಲ್ಲಿ ನೋಡುತ್ತ, ಇದರ ತಾಯಿ ಇಂಥದ್ದು, ಇದು ಹೋದ ವರ್ಷ ಆ ಗಂಡನ್ನು ಬಿಟ್ಟು ಈ ಗಂಡಿನ ಜೊತೆ ಬಂತು ಎಂದು, ನಮ್ಮೂರಿನ ಅಜ್ಜಿಯರು ಮದುವೆಮನೆಯಲ್ಲಿ ನೆಂಟಸ್ತಿಕೆ ಬಿಡಿಸುವ ಹಾಗೆ ಹೇಳುತ್ತ ಹೋದರು. ನನಗೆ ನೆನಪಾದದ್ದು ನಮ್ಮ ತಾತ. ನಲವತ್ತು ದನಗಳ ಮಂದೆಯಲ್ಲಿ ಕೆಂದಿ, ಕಾಳಿ, ಚುಕ್ಕಿ ಎಂದು ಒಂದೊಂದನ್ನೂ ಕರೆದು, ಕತ್ತಲಲ್ಲಿ ಗೊರಸಿನ ಸದ್ದಿನಿಂದಲೇ ಯಾವುದು ಬಂದಿಲ್ಲ ಎಂದು ಹೇಳುತ್ತಿದ್ದವರು. ಆ ದಿನ ನಾಲ್ಕು ಗಂಟೆಯಲ್ಲಿ ಚುಚ್ಚಲು ಸಾಧ್ಯವಾದದ್ದು ಮೂರು ಕುದುರೆಗಳಿಗೆ. ಬಾಣ ತಗಲಿದ ಕುದುರೆ ನೊಣ ಕಚ್ಚಿದಂತೆ ಒಮ್ಮೆ ಮೈ ಕೊಡವಿ, ಹತ್ತು ಹೆಜ್ಜೆ ಓಡಿ, ಮತ್ತೆ ಮೇಯತೊಡಗಿತು. ಕೆಳಗೆ ಬಿದ್ದ ಬಾಣವನ್ನು ಹುಡುಕಲು ನಮಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಇದೇ ಬೆಟ್ಟಸಾಲಿನಲ್ಲಿ ಸುಮಾರು 3,000 ಕುದುರೆಗಳಿವೆ. ವಿಪರ್ಯಾಸವೆಂದರೆ, ವೆಲ್ಮಾ ಜಾನ್‌ಸ್ಟನ್ ಹೋರಾಟ ಆರಂಭಿಸಿದ ನೆಲದ ಈ ಕುದುರೆಗಳಿಗೆ ಆಕೆಯ 1971ರ ಕಾನೂನು ಅನ್ವಯಿಸುವುದಿಲ್ಲ. ಇಲ್ಲಿನ ಭೂಮಿ ಬಹುಪಾಲು ಖಾಸಗಿಯಾದ್ದರಿಂದ ಇವು ರಾಜ್ಯದ ಕೃಷಿ ಇಲಾಖೆಯ ಲೆಕ್ಕದಲ್ಲಿ ಬೀಡಾಡಿ ಜಾನುವಾರು. ಕಾನೂನಿನ ಶ್ರೀರಕ್ಷೆ ಇಲ್ಲದ ಈ ಹಿಂಡಿಗೇ, 2019ರಿಂದ ಸ್ವಯಂಸೇವಕರ ಕೈಯಿಂದ, ಜಗತ್ತಿನ ಅತಿ ದೊಡ್ಡ ಲಸಿಕೆ ಕಾರ್ಯಕ್ರಮಗಳಲ್ಲೊಂದು ನಡೆಯುತ್ತಿದೆ. ಹುಟ್ಟುವ ಮರಿಗಳು ಅರ್ಧಕ್ಕಿಂತ ಕಡಿಮೆಯಾಗಿವೆ ಎಂದು ನಡೆಸುವವರು ಹೇಳುತ್ತಾರೆ. ಇತ್ತ ಕೇಂದ್ರದ ಇಲಾಖೆ 2022ರ ಆರ್ಥಿಕ ವರ್ಷದಲ್ಲಿ 20,000ಕ್ಕೂ ಹೆಚ್ಚು ಪ್ರಾಣಿಗಳನ್ನು ಬಯಲಿನಿಂದ ತೆಗೆಯಿತು; ಸಂತಾನ ನಿಯಂತ್ರಣದ ಮದ್ದು ಕೊಟ್ಟು ಬಿಟ್ಟದ್ದು ಎರಡು ಸಾವಿರಕ್ಕಿಂತ ಕಡಿಮೆ. ಈ ಎರಡು ಅಂಕಿಗಳು ತಿರುಗುಮುರುಗಾಗಬೇಕು ಎಂಬುದೇ ನನ್ನ ವಾದದ ಸಾರ. ಇಲಾಖೆಯವರು ಹೇಳುವ ತೊಡಕನ್ನು ನಾನು ಅಲ್ಲಗಳೆಯುವುದಿಲ್ಲ: ನೆವಾಡಾದ ಒಳನಾಡಿನ ಹಿಂಡುಗಳು ಮನುಷ್ಯನನ್ನು ಒಂದು ಮೈಲಿ ದೂರದಿಂದ ಕಂಡರೂ ಧೂಳೆಬ್ಬಿಸಿ ಮಾಯವಾಗುತ್ತವೆ, ಅಲ್ಲಿ ಐವತ್ತು ಗಜದ ಬಾಣ ಹಾಸ್ಯಾಸ್ಪದ. ಅಂಥ ಕಡೆ ನೀರಿನ ತಾವಿನಲ್ಲಿ ಬೇಲಿಯ ಬಾಗಿಲು ತೆರೆದಿಟ್ಟು, ತಾವಾಗಿಯೇ ಬಂದವನ್ನು ಕೂಡಿ, ಹೆಚ್ಚು ವರ್ಷ ನಿಲ್ಲುವ ಲಸಿಕೆ ಕೊಟ್ಟು, ಸಂಸಾರ ಸಮೇತ ಬಿಡುವ ದಾರಿಯಿದೆ. ನಿಧಾನ, ಬೇಸರ ತರಿಸುವ ಕೆಲಸ. ಹೆಲಿಕಾಪ್ಟರು ಒಂದು ವಾರದಲ್ಲಿ ಮುಗಿಸಿಕೊಡುತ್ತದೆ, ಗುತ್ತಿಗೆದಾರನ ಬಿಲ್ಲೂ ಸ್ಪಷ್ಟವಾಗಿರುತ್ತದೆ.

ಕುದುರೆಪ್ರೇಮಿಗಳ ಒಂದು ಗುಂಪಿನ ಜೊತೆಗೂ ನನ್ನ ಜಗಳವಿದೆ. ಏನನ್ನೂ ಮಾಡಬೇಡಿ, ಪ್ರಕೃತಿಗೆ ಬಿಡಿ, ಲಸಿಕೆಯೂ ಹಿಂಸೆಯೇ ಎನ್ನುವವರು ಅವರು. ಪ್ರಕೃತಿಗೆ ಬಿಡುವುದು ಎಂದರೆ ಬರಗಾಲಕ್ಕೆ ಬಿಡುವುದು. ವರ್ಷಕ್ಕೆ ಹತ್ತಿಂಚು ಮಳೆಯೂ ಆಗದ ನಾಡಿನಲ್ಲಿ ಬತ್ತಿದ ಹೊಂಡದ ಸುತ್ತ ಮೂಳೆಯಾಗಿ ನಿಂತ ಕುದುರೆಗಳ ಚಿತ್ರಗಳನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ. ಹಾಗೆಂದು ಬಯಲು ಬೋಳಾಗಲು ಕುದುರೆಯೊಂದೇ ಕಾರಣ ಎನ್ನುವ ದನಗಾರರ ಮಾತೂ ಪೂರ್ತಿ ಸತ್ಯವಲ್ಲ. ಇಲಾಖೆ ದನ-ಕುರಿಗಳ ಮೇವಿಗೆ ಕೊಟ್ಟಿರುವ ಭೂಮಿ 15.5 ಕೋಟಿ ಎಕರೆ; ಕುದುರೆಗಳಿಗೆ ಗೊತ್ತುಮಾಡಿದ್ದು 2.7 ಕೋಟಿ, ಅದರಲ್ಲೂ ದನಗಳಿಗೆ ಪಾಲುಂಟು. ಒಂದು ಹಸು-ಕರು ಒಂದು ತಿಂಗಳು ಸರ್ಕಾರಿ ಹುಲ್ಲು ಮೇಯಲು ದನಗಾರ ಕಟ್ಟುವ ಶುಲ್ಕ ವರ್ಷಗಟ್ಟಲೆ 1.35 ಡಾಲರಿನ ಕನಿಷ್ಠ ದರದಲ್ಲೇ ನಿಂತಿತ್ತು. ಇಲ್ಲಿ ಒಂದು ಲೋಟ ಕಾಫಿಗೆ ಅದರ ಎರಡರಷ್ಟಾಗುತ್ತದೆ. ಕುದುರೆಯ ಸಂಖ್ಯೆಯನ್ನು ತಗ್ಗಿಸಬೇಕು ಎಂದು ಹೇಳುವ ನಾಲಿಗೆ, ಕುದುರೆಗೆಂದೇ ಗುರುತಿಸಿದ ಜಾಗಗಳಲ್ಲಾದರೂ ದನದ ಸಂಖ್ಯೆಯ ಬಗ್ಗೆ ಅಷ್ಟೇ ಗಟ್ಟಿಯಾಗಿ ಮಾತಾಡಬೇಕು.

ಹುಲ್ಲುಗಾವಲು ಯಾರದ್ದು ಎಂಬ ಈ ಜಗಳದಲ್ಲಿ ನಮ್ಮ ನಾಡು ಕಲಿಸಬಲ್ಲದ್ದೊಂದಿತ್ತು; ಕಲಿಸುವ ಯೋಗ್ಯತೆಯನ್ನು ನಾವೇ ಕಳೆದುಕೊಂಡೆವು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಎಂದರೆ ಅರಮನೆಯ ದನಗಳ ಇಲಾಖೆ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಆ ದನಗಳಿಗೆಂದು ಮೈಸೂರು ಸೀಮೆಯ ಉದ್ದಗಲಕ್ಕೂ ಕಾವಲುಗಳಿದ್ದವು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು ಎಂದು ಹಂಚಿದ ಹುಲ್ಲುಗಾವಲುಗಳು. ಮೇಯುವ ಮಂದೆಯೂ ನೆಲವೂ ಒಂದೇ ಇಲಾಖೆಯ ಹೊಣೆ, ಆದ್ದರಿಂದ ಎಷ್ಟು ಹುಲ್ಲಿಗೆ ಎಷ್ಟು ದನ ಎಂಬ ಲೆಕ್ಕವನ್ನು ಒಬ್ಬರೇ ಇಡುತ್ತಿದ್ದರು. ಅರೆಗಾಡು ಸ್ವಭಾವದ ಆ ದನಗಳನ್ನು ಅಪರಿಚಿತರು ಮುಟ್ಟುವಂತಿರಲಿಲ್ಲ, ಆದರೆ ಅವನ್ನು ಕಾಯುವವರಿಗೆ ಒಂದೊಂದೂ ಗೊತ್ತಿತ್ತು. ಸ್ವಚ್ಛಂದವಾಗಿ ತಿರುಗುವ ಮಂದೆಗೂ ಎಣಿಕೆ ಮತ್ತು ಆರೈಕೆ ಇರಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಜ್ಜಂಪುರದ ಕೇಂದ್ರ ಇನ್ನೂ ಇದೆ. ಕಾವಲುಗಳು ಮಾತ್ರ ಒತ್ತುವರಿಗೆ, ನೆಡುತೋಪಿಗೆ, ಚಳ್ಳಕೆರೆಯ ಕಡೆ ಸಾವಿರಾರು ಎಕರೆಗಳಲ್ಲಿ ಸರ್ಕಾರಿ ಸಂಸ್ಥೆಗಳ ಕಾಂಪೌಂಡಿಗೆ ಹೋದವು.

ನಮ್ಮೂರಿನ ಬಸವನ ಸಂತತಿಯೂ ಅಷ್ಟೇ. ಈಗ ಹರಕೆಯ ಹೋರಿ ಇಲ್ಲ, ಹಾಲು ನಿಂತ ಹಸು ಮತ್ತು ಉಳುಮೆಗೆ ಬೇಡವಾದ ಹೋರಿಕರು ಇವೆ. ದೇವರಿಗೆ ಬಿಟ್ಟದ್ದಲ್ಲ, ಬೀದಿಗೆ ಬಿಟ್ಟದ್ದು. ಅವಕ್ಕೆ ಮುದ್ರೆಯಿಲ್ಲ, ಎಣಿಕೆಯಿಲ್ಲ. ಕಸದ ತೊಟ್ಟಿಯ ಪ್ಲಾಸ್ಟಿಕ್ಕೇ ಮೇವು. ತಮಿಳುನಾಡಿನ ಕೋಡಿಕ್ಕರೈಯಲ್ಲಿ, ಅಸ್ಸಾಮಿನ ದಿಬ್ರು-ಸೈಖೋವಾದಲ್ಲಿ ನಮ್ಮ ದೇಶದಲ್ಲೂ ಒಡೆಯನಿಲ್ಲದ ಕುದುರೆಗಳಿವೆ; ಅವುಗಳ ಮುಖ ಬಲ್ಲವರು ಎಷ್ಟು ಮಂದಿ ಇದ್ದಾರು? ಊರಿಗೆ ಹೋದಾಗ ಅಣ್ಣನ ಮುಂದೆ ಇಲ್ಲಿನ ಲಸಿಕೆಯ ಕಥೆ ಹೇಳಿದೆ. ಅವನು ಎಲ್ಲ ಕೇಳಿ, "ಅಲ್ಲ ಕಣೋ, ಒಂದು ಕುದುರೆಗೆ ಮದ್ದು ಚುಚ್ಚೋಕೆ ಅಷ್ಟು ಜನ ಬೆಟ್ಟ ಹತ್ತುತ್ತಾರಾ? ಅವರಿಗೆ ಸಂಬಳ ಎಷ್ಟು?" ಎಂದ. ಸಂಬಳವಿಲ್ಲ ಎಂದೆ. ನಂಬಲಿಲ್ಲ. ಇಲ್ಲಿನವರಿಗೆ ಬಸವನ ಕಥೆ ಹೇಳಿದಾಗಲೂ ಹೀಗೇ ಆಗುತ್ತದೆ: ಬೆಳೆ ತಿಂದ ಹೋರಿಗೆ ಕೈಮುಗಿದು ಕಳಿಸುತ್ತಿದ್ದರು, ಪರಿಹಾರ ಕೇಳುತ್ತಿರಲಿಲ್ಲ ಎಂದರೆ ಅವರು ನಂಬುವುದಿಲ್ಲ.

ನನಗೆ ನೆವಾಡಾದಲ್ಲಿ ಅತ್ಯಂತ ಹಿಡಿಸಿದ ಕುದುರೆ, ಅಂದು ಆ ಶಿಕ್ಷಕಿಯ ಕೈಯಲ್ಲಿದ್ದ ದಪ್ಪ ಕಡತದ ಒಂದು ಹಾಳೆಯಲ್ಲಿದೆ. ಎಡಗಡೆಯಿಂದ ಒಂದು ಫೋಟೋ, ಬಲಗಡೆಯಿಂದ ಒಂದು, ಎದುರಿನಿಂದ ಒಂದು. ಕಂದು ಬಣ್ಣ, ಹಣೆಯ ಮೇಲೆ ಓರೆಯಾದ ಬಿಳಿ ಬೊಟ್ಟು, ಹಿಂದಿನ ಬಲಗಾಲಿಗೆ ಬಿಳಿ ಕಾಲುಚೀಲ. ಕೆಳಗೆ ಹೆತ್ತ ಮರಿಗಳ ವರ್ಷಗಳು, ಮದ್ದು ಕೊಟ್ಟ ತಾರೀಖುಗಳು, ಕೊಟ್ಟವರ ಸಹಿ. ನಾವು ಹೋದ ದಿನ ಅದಕ್ಕೆ ಸರದಿ ಇತ್ತು, ಸಿಗಲಿಲ್ಲ. ನದಿಯ ಆಚೆ ದಾಟಿತ್ತು. ಶಿಕ್ಷಕಿ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ "ಮುಂದಿನ ಮಂಗಳವಾರ" ಎಂದು ಬರೆದು, ಕಡತ ಮುಚ್ಚಿ, ಗಾಡಿಯತ್ತ ಇಳಿಯತೊಡಗಿದರು.